ಜೋಳದ ಹೊಲದ ನಡುವೆ ಹಿಮದ ನಾಡಿನ ಹಬ್ಬ

ಮೈಸೂರಿನಿಂದ ಮಡಿಕೇರಿಗೆ ಹೊರಟ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳನ್ನು ಹಿಂದಿಕ್ಕಿ ಪಶ್ಚಿಮಕ್ಕೆ ಸಾಗುತ್ತದೆ. ಇಕ್ಕೆಲಗಳಲ್ಲಿ ಹೊಗೆಸೊಪ್ಪಿನ ಹೊಲಗಳು, ಅದನ್ನು ಹದಮಾಡುವ ಎತ್ತರದ ಮನೆಗಳು, ಹುಣಸೆಯ ಮರಗಳು. ಇನ್ನು ಕೆಲವೇ ಮೈಲಿಗಳಲ್ಲಿ ಕಾವೇರಿ ಅಡ್ಡಬಂದು, ಆಚೆಗೆ ಕೊಡಗಿನ ಕುಶಾಲನಗರ ಕಾಣಿಸಿಕೊಳ್ಳಬೇಕು. ಅಷ್ಟರಲ್ಲಿ ನೋಟ ಥಟ್ಟನೆ ಬದಲಾಗುತ್ತದೆ. ಗಿಡಮರಗಳ ನಡುವೆ, ಮನೆಗಳ ಮಾಡಿನ ಮೇಲೆ, ಬಿದಿರಿನ ಗಳುಗಳ ತುದಿಯಲ್ಲಿ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಸಣ್ಣ ಸಣ್ಣ ಬಟ್ಟೆಗಳು ಸಾಲುಸಾಲಾಗಿ ಗಾಳಿಗೆ ಫಡಫಡಿಸುತ್ತವೆ. 'ಲುಂಗ್ತಾ' ಎಂಬುದು ಅವುಗಳ ಹೆಸರು. ಗಾಳಿಯ ಕುದುರೆ ಎಂದು ಅರ್ಥ. ಬಟ್ಟೆಯ ಮೇಲೆ ಅಚ್ಚೊತ್ತಿದ ಪ್ರಾರ್ಥನೆಯನ್ನು ಗಾಳಿ ಹೊತ್ತೊಯ್ದು ಲೋಕಕ್ಕೆಲ್ಲ ಹಂಚುತ್ತದೆಂಬುದು ಕಟ್ಟಿದವರ ನಂಬಿಕೆ.

ಇದು ಬೈಲಕುಪ್ಪೆ. ರಜೆಯ ದಿನಗಳಲ್ಲಿ ಬೆಂಗಳೂರು, ಮೈಸೂರುಗಳಿಂದ ಬರುವ ಕುಟುಂಬಗಳಿಗೆ ಬೈಲಕುಪ್ಪೆಯೆಂದರೆ 'ಗೋಲ್ಡನ್ ಟೆಂಪಲ್'. ನಾಮ್‌ಡ್ರೋಲಿಂಗ್ ಮಠದ ಆ ಸುವರ್ಣ ಮಂದಿರದಲ್ಲಿ ಕುಳಿತ ಮೂರು ಭವ್ಯ ಮೂರ್ತಿಗಳನ್ನು ಕಂಡು, ಅಂಗಳದಲ್ಲಿ ಚಿತ್ರ ತೆಗೆಸಿಕೊಂಡು, ಎದುರಿನ ಹೋಟೆಲಿನಲ್ಲಿ ಒಂದು ತಟ್ಟೆ ಮೋಮೋ ತಿಂದು, ಸಂಜೆಯೊಳಗೆ ದುಬಾರೆಗೋ ಮಡಿಕೇರಿಗೋ ಹೊರಟುಬಿಡುವುದು ವಾಡಿಕೆ. ಮಂದಿರ ನೋಡತಕ್ಕದ್ದೇ, ಸಂದೇಹವಿಲ್ಲ. ಆದರೆ ಅದರ ಹಿಂದೆ, ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಮುಸುಕಿನ ಜೋಳದ ಹೊಲಗಳತ್ತ ತಿರುಗಿ ನೋಡುವವರು ವಿರಳ. ಮಂದಿರಕ್ಕೆ ಮೊದಲು ಹುಟ್ಟಿದ್ದು ಆ ಹೊಲ. ಲಾಮಾಗಳಷ್ಟೇ ಅಲ್ಲ, ರೈತರೂ ಕಟ್ಟಿದ ಊರು ಇದು. ಆ ರೈತರನ್ನು ಅವರ ಉಲ್ಲಾಸದಲ್ಲಿ ಕಾಣಬೇಕೆಂದರೆ ಜುಲೈ ತಿಂಗಳ ಮೊದಲ ವಾರದಲ್ಲಿ ಬರಬೇಕು.

ತೋಟದ ಔತಣ

ಟಿಬೆಟಿನ ಭಾಷೆಯಲ್ಲಿ 'ಲಿಂಗ್ಕಾ' ಎಂದರೆ ಉದ್ಯಾನ, ತೋಪು. ಲ್ಹಾಸಾ ನಗರದ ಪಶ್ಚಿಮದಲ್ಲಿ ದಲೈ ಲಾಮಾ ಅವರ ಬೇಸಿಗೆಯ ಅರಮನೆಯಿರುವ ವಿಶಾಲ ತೋಟಕ್ಕೆ 'ನೋರ್ಬುಲಿಂಗ್ಕಾ', ರತ್ನೋದ್ಯಾನ, ಎಂದೇ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಏಳನೆಯ ದಲೈ ಲಾಮಾ ಅವರ ಕಾಲದಲ್ಲಿ ಅದು ಆರಂಭವಾಯಿತು. ವರ್ಷದ ಬಹುಪಾಲು ಚಳಿಯಲ್ಲಿ ಮುದುಡಿರುವ ನಾಡಿಗೆ ಬೇಸಿಗೆಯ ಒಂದೆರಡು ತಿಂಗಳುಗಳೇ ಅಮೃತಗಳಿಗೆ. ಆಗ ಲ್ಹಾಸಾದ ಜನರು, ಶ್ರೀಮಂತರೂ ಬಡವರೂ, ಮನೆಗೆ ಬೀಗವಿಕ್ಕಿ, ಕ್ಯಿಚು ನದಿಯ ದಂಡೆಯ ತೋಪುಗಳಲ್ಲಿ ಡೇರೆ ಹೂಡಿ, ಉಂಡು, ಹಾಡಿ, ದಾಳ ಉರುಳಿಸಿ ದಿನಗಳೆಯುತ್ತಿದ್ದರು. ಟಿಬೆಟಿನ ಪಂಚಾಂಗದ ಐದನೆಯ ತಿಂಗಳ ಹುಣ್ಣಿಮೆಯಂದು ಸುಗಂಧದ ಸೊಪ್ಪನ್ನು ಸುಟ್ಟು ದೇವತೆಗಳಿಗೆ ಧೂಮವನ್ನರ್ಪಿಸಿ ಹೀಗೆ ತೋಪಿಗೆ ಹೋಗುವುದು ಹಳೆಯ ಸಂಪ್ರದಾಯ. ಕಾಲಕ್ರಮದಲ್ಲಿ ಈ ವನಭೋಜನಕ್ಕೇ ಲಿಂಗ್ಕಾ ಎಂಬ ಹೆಸರು ನಿಂತಿತು. ನಮ್ಮ ಕಾರ್ತಿಕದ ವನಭೋಜನದಲ್ಲಿ ನೆಲ್ಲಿಯ ಮರಕ್ಕೆ ಪೂಜೆ ಸಲ್ಲಿಸಿ ಅದರ ನೆರಳಿನಲ್ಲಿ ಎಲೆ ಹಾಕುವುದಿಲ್ಲವೆ? ಭಾವ ಒಂದೇ.

ಬೈಲಕುಪ್ಪೆಯ ಬಯಲಿಗೆ ಆ ಲಿಂಗ್ಕಾ ಬಂದ ಬಗೆ ಮಾತ್ರ ಸುಖದ ಕಥೆಯಲ್ಲ.

ಕಾಡಿಗೆ ಬಂದ ಹಿಮವಾಸಿಗಳು

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಅವರು ವೇಷ ಮರೆಸಿಕೊಂಡು ಅದೇ ನೋರ್ಬುಲಿಂಗ್ಕಾದಿಂದ ಹೊರಬಿದ್ದು, ಹಿಮದ ಕಣಿವೆಗಳನ್ನು ದಾಟಿ, ಮಾರ್ಚ್ 31ರಂದು ಭಾರತದ ಗಡಿಯನ್ನು ಸೇರಿದರು. ಅವರ ಬೆನ್ನಿಗೆ ಸುಮಾರು ಎಂಬತ್ತು ಸಾವಿರ ಜನ ಬಂದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಕೆಲಕಾಲ ಇದ್ದು, ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗೆ ನಿಂತರು. ಅವರನ್ನು ಒಂದೆಡೆ ನೆಲೆಗೊಳಿಸಲು ಭೂಮಿ ಬೇಕೆಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಕೈಚಾಚಿದ್ದು ಅಂದಿನ ಮೈಸೂರು ರಾಜ್ಯ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲ ಗೊತ್ತಾಯಿತು. ಈ ಪ್ರಸಂಗದಲ್ಲಿ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಅವರು ಅನೇಕ ಬಾರಿ ಕೃತಜ್ಞತೆಯಿಂದ ನೆನೆದಿದ್ದಾರೆ.

1960ರ ಕೊನೆಯ ಹೊತ್ತಿಗೆ ಮೊದಲ ತಂಡಗಳು ಬಂದಿಳಿದವು. ಲ್ಹಾಸಾ ಇರುವುದು ಸಮುದ್ರಮಟ್ಟದಿಂದ ಸುಮಾರು 12,000 ಅಡಿ ಎತ್ತರದಲ್ಲಿ. ಬೈಲಕುಪ್ಪೆ ಮೂರು ಸಾವಿರ ಅಡಿಗೂ ಕಡಮೆ. ಚಮರೀಮೃಗ ಮೇಯಿಸಿದವರು, ಉಣ್ಣೆ-ಉಪ್ಪುಗಳ ವ್ಯಾಪಾರಮಾಡಿದವರು, ಮಠದಲ್ಲಿ ಗ್ರಂಥ ಓದಿದವರು, ಬಾರ್ಲಿ ಬೆಳೆದವರು ಎಲ್ಲರ ಕೈಗೂ ಕೊಡಲಿ ಬಂತು. ಬಿದಿರಿನ ಗುಡಿಸಲು ಹಾಕಿಕೊಂಡು, ಹಗಲೆಲ್ಲ ಮರ ಕಡಿದು, ಬೊಡ್ಡೆ ಕಿತ್ತು, ಮುಳ್ಳು ಸುಟ್ಟರು. ಆ ಬೆಂಕಿಯ ಕಾವಿಗೆ ಸೂರ್ಯನ ಕಾವೂ ಸೇರಿ, ಮೊದಲೇ ಸೆಖೆಯರಿಯದ ದೇಹಗಳು ಬಳಲಿದವು. ಕಾಯಿಲೆಗೆ ಹಲವರು ಬಲಿಯಾದರು. ರಾತ್ರಿ ಕಾಡಾನೆಯ ಭಯ. ಬಿತ್ತಿದ ಬೆಳೆಗೆ ಕಾಡುಹಂದಿಯ ಕಾಟ. ಹಿಮದ ಊರಿನವರು ದಕ್ಷಿಣದ ಅಟ್ಟಣೆಯ ಮೇಲೆ ಕುಳಿತು ಕಾವಲು ಕಾಯುವುದನ್ನು ಕಲಿತರು.

ತಲೆಗೊಂದು ಎಕರೆಯಂತೆ ಮೂರು ಸಾವಿರ ಜನಕ್ಕೆ ಮೂರು ಸಾವಿರ ಎಕರೆ ಎಂಬುದು ಈ ಮೊದಲ ವಸತಿಯ ಲೆಕ್ಕ. 'ಲುಗ್ಸುಂಗ್ ಸಮ್ದುಪ್‌ಲಿಂಗ್' ಎಂದು ಅದಕ್ಕೆ ಹೆಸರಿಟ್ಟರು. 1969ರಲ್ಲಿ ಪಕ್ಕದಲ್ಲಿಯೇ 'ಡಿಕಿ ಲಾರ್ಸೋ' ಎಂಬ ಎರಡನೆಯ ವಸತಿ ಎದ್ದಿತು. ಸುತ್ತಲಿನ ಹಳ್ಳಿಯವರು ಇವಾವ ಹೆಸರನ್ನೂ ಹಿಡಿಯದೆ 'ಒಂದನೇ ಕ್ಯಾಂಪು', 'ನಾಲ್ಕನೇ ಕ್ಯಾಂಪು' ಎಂದು ಸಂಖ್ಯೆಯಿಂದಲೇ ಕರೆದರು. ಇಂದಿಗೂ ಆಟೋದವರಿಗೆ ಆ ಸಂಖ್ಯೆಯನ್ನೇ ಹೇಳಬೇಕು. ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಲ್ಲಿ ಇಂಥದೇ ವಸತಿ ನೆಲೆಗೊಂಡಿತು. ಮುಂದೆ ಹುಣಸೂರಿನ ಗುರುಪುರ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯಗಳಲ್ಲಿಯೂ ಟಿಬೆಟಿನ ಊರುಗಳು ಹುಟ್ಟಿದವು. ಹೀಗೆ ಕರ್ನಾಟಕದಲ್ಲಿ ಇಂಥ ವಸತಿಗಳು ಒಟ್ಟು ಐದು.

ಒಂದು ಮಳೆ, ಒಂದು ಬೆಳೆ

ಹೊಸ ರೈತರಿಗೆ ಕೈಹಿಡಿದ ಬೆಳೆ ಮುಸುಕಿನ ಜೋಳ. ಮಳೆಯನ್ನೇ ನೆಚ್ಚಿದ ಈ ನೆಲದಲ್ಲಿ ಬಾರ್ಲಿಯ ಕನಸು ಕಾಣುವಂತಿರಲಿಲ್ಲ. ಮುಂಗಾರಿಗೆ ಬಿತ್ತಿ, ಕಳೆ ತೆಗೆದು, ಮಳೆಗಾಲದ ಕೊನೆಗೆ ತೆನೆ ಮುರಿಯುವ ಜೋಳವೇ ಮನೆಯ ವರ್ಷದ ಲೆಕ್ಕಾಚಾರವಾಯಿತು. ಸಹಕಾರ ಸಂಘ ಏರ್ಪಟ್ಟು, ಟ್ರಾಕ್ಟರು, ಬೀಜ, ಗೊಬ್ಬರ, ಮಾರಾಟಗಳ ಹೊಣೆ ಹೊತ್ತಿತು. ಒಬ್ಬೊಬ್ಬನ ಒಂದೊಂದು ಎಕರೆಗೆ ಬೇರೆ ಬೇರೆ ಉಳುಮೆಯ ಸಲಕರಣೆ ಕೊಳ್ಳುವುದು ಸಾಧ್ಯವಿರಲಿಲ್ಲವಾದ್ದರಿಂದ, ಕೂಡಿ ಉಳುವುದು ಇಲ್ಲಿ ಆದರ್ಶಕ್ಕಿಂತ ಹೆಚ್ಚಾಗಿ ಅನಿವಾರ್ಯವಾಗಿತ್ತು.

ಮಳೆ ಒಂದೇ, ಬೆಳೆಯೂ ಒಂದೇ. ಸುಗ್ಗಿ ಮುಗಿದ ಮೇಲೆ ಉಳಿದ ತಿಂಗಳುಗಳ ಗತಿಯೇನು? ಆ ಪ್ರಶ್ನೆಗೆ ಉತ್ತರವನ್ನು ನಗರವಾಸಿಗಳೆಲ್ಲರೂ ಕಂಡಿದ್ದಾರೆ, ಅದು ಉತ್ತರವೆಂದು ತಿಳಿಯದೆಯೇ. ಚಳಿಗಾಲ ಬಂತೆಂದರೆ ಊರೂರಿನ ಪಾದಚಾರಿ ಹಾದಿಯಲ್ಲಿ, ಮೈದಾನದ ಅಂಚಿನಲ್ಲಿ ಬಣ್ಣಬಣ್ಣದ ಸ್ವೆಟರುಗಳನ್ನು ತೂಗುಹಾಕಿ ಕೂರುವ ಟಿಬೆಟಿನ ಹೆಂಗಸರು ಯಾರಿಗೆ ತಿಳಿಯದು? ಆ ಸ್ವೆಟರುಗಳಲ್ಲಿ ಬಹುಪಾಲು ಟಿಬೆಟಿನವಲ್ಲ, ಪಂಜಾಬಿನ ಲೂಧಿಯಾನದ ಕಾರ್ಖಾನೆಗಳವು. ತೆನೆ ಮುರಿದ ಕೈಗಳೇ ಅವನ್ನು ಸಾಲವಾಗಿ ತಂದು, ನಾಲ್ಕು ತಿಂಗಳು ಮಾರಿ, ಸಾಲ ತೀರಿಸಿ, ಉಳಿದುದನ್ನು ಮಕ್ಕಳ ಶಾಲೆಗೂ ಮುಂದಿನ ಬಿತ್ತನೆಗೂ ಕಟ್ಟಿಕೊಂಡು ಊರಿಗೆ ಮರಳುತ್ತವೆ. ಹೊಲದ ಬಿಡುವು ಬೀದಿಯ ದುಡಿಮೆಯಾದದ್ದು ಹೀಗೆ.

ಹಬ್ಬದ ಬೆಳಗು

ಈ ಎರಡು ದುಡಿಮೆಗಳ ನಡುವೆ, ಜೋಳ ಸೊಂಟದೆತ್ತರ ಬೆಳೆದು ಮೊದಲ ಕಳೆ ಮುಗಿದ ಹೊತ್ತಿಗೆ, ಜುಲೈ 6 ಬರುತ್ತದೆ. ಅದು ದಲೈ ಲಾಮಾ ಅವರ ಜನ್ಮದಿನ. 1935ರಲ್ಲಿ ಅವರು ಹುಟ್ಟಿದ್ದು ಅರಮನೆಯಲ್ಲಲ್ಲ, ತಕ್ತ್ಸೇರ್ ಎಂಬ ಹಳ್ಳಿಯ ಒಕ್ಕಲು ಮನೆಯಲ್ಲಿ. 2025ರಲ್ಲಿ ಅವರಿಗೆ ತೊಂಬತ್ತು ತುಂಬಿತು. ಬೈಲಕುಪ್ಪೆಯ ರೈತರಿಗೆ ಗುರುವಿನ ಹುಟ್ಟುಹಬ್ಬವೂ ತೋಪಿನ ಲಿಂಗ್ಕಾವೂ ಒಂದರೊಳಗೊಂದು ಬೆರೆತುಹೋಗಿವೆ.

ಬೆಳಗಿನ ಜಿನುಗು ಮಳೆಯನ್ನು ಲೆಕ್ಕಿಸದೆ ಬಯಲಿನಲ್ಲಿ ಬಿಳಿಯ ಡೇರೆಗಳು ಏಳುತ್ತವೆ. ಅವುಗಳ ಮೇಲೆ ನೀಲಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ, ತುದಿಮೊದಲಿಲ್ಲದ ಗಂಟಿನ ಚಿತ್ರ. ಗಂಡಸರು ನೀಳ ತೋಳಿನ 'ಚುಬಾ' ತೊಟ್ಟಿರುತ್ತಾರೆ. ಮದುವೆಯಾದ ಹೆಂಗಸರ ಸೊಂಟದ ಮುಂಭಾಗದಲ್ಲಿ 'ಪಂಗ್ದೆನ್' ಎಂಬ ಅಡ್ಡಪಟ್ಟೆಗಳ ಬಣ್ಣದ ವಸ್ತ್ರ. ಸೊಪ್ಪು ಸುಟ್ಟ ಬಿಳಿಯ ಹೊಗೆ ಮೇಲೇರುತ್ತದೆ. ಎಲ್ಲರೂ ಒಂದೊಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಹಿಡಿದು ಕೈಯೆತ್ತಿ ನಿಲ್ಲುತ್ತಾರೆ. 'ಲ್ಹಾ ಗ್ಯಾಲೊ', ದೇವತೆಗಳಿಗೆ ಜಯವಾಗಲಿ, ಎಂಬ ಕೂಗಿನೊಡನೆ ಅದನ್ನು ಗಾಳಿಗೆ ತೂರುತ್ತಾರೆ. ಕ್ಷಣಕಾಲ ತಲೆ, ಭುಜ, ಪಕ್ಕದ ಜೋಳದ ಎಲೆಗಳೆಲ್ಲ ಬೆಳ್ಳಗಾಗುತ್ತವೆ.

ಆ ಹಿಟ್ಟು 'ತ್ಸಂಪಾ'. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು. ಬಟ್ಟಲಿನಲ್ಲಿ ತುಸು ಚಹಾ ಬಿಟ್ಟು, ಹಿಟ್ಟು ಹಾಕಿ, ಬೆರಳುಗಳಿಂದ ಮಿದ್ದು ಉಂಡೆಮಾಡಿ ತಿನ್ನುವುದನ್ನು ಕಂಡ ಮೈಸೂರು ಸೀಮೆಯವನಿಗೆ ತನ್ನ ರಾಗಿಮುದ್ದೆ ನೆನಪಾಗದಿರದು. ಚಹಾವೂ ನಮ್ಮ ಚಹಾ ಅಲ್ಲ. ಉಪ್ಪು, ಬೆಣ್ಣೆ ಹಾಕಿ ನೀಳವಾದ ಮರದ ಕೊಳವೆಯಲ್ಲಿ ಕಡೆದದ್ದು. ಟಿಬೆಟಿನಲ್ಲಿ ಆ ಬೆಣ್ಣೆ ಚಮರಿಯದು. 'ಯಾಕ್' ಎಂಬುದು ಗಂಡಿನ ಹೆಸರು, ಹಾಲು ಕೊಡುವ ಹೆಣ್ಣು 'ಡ್ರಿ'. ಆದ್ದರಿಂದ 'ಯಾಕ್ ಬೆಣ್ಣೆ' ಎಂದವರನ್ನು ಕಂಡು ಟಿಬೆಟಿನವರು ಒಳಗೊಳಗೇ ನಗುತ್ತಾರೆ. ಬೈಲಕುಪ್ಪೆಯಲ್ಲಿ ಅದಕ್ಕೆ ಹಸುವಿನ ಬೆಣ್ಣೆಯೇ ಗತಿ. ಮಂಗಳಕಾರ್ಯಕ್ಕೆಂದು ಮೊದಲು ಬಡಿಸುವುದು 'ಡ್ರೇಸಿಲ್' ಎಂಬ ಸಿಹಿಯನ್ನ: ಅಕ್ಕಿ, ಬೆಣ್ಣೆ, ಸಕ್ಕರೆ, ದ್ರಾಕ್ಷಿ, ಸಿಕ್ಕಿದರೆ 'ಡ್ರೋಮಾ' ಎಂಬ ಕಡಲೆಗಾತ್ರದ ಗೆಡ್ಡೆ. ಆ ಬಳಿಕ ಬಿಸಿಬಿಸಿ ತುಕ್ಪಾ, ಹಬೆಯಲ್ಲಿ ಬೆಂದ ತಿಂಗ್ಮೋ, ಖಾರದ ಚಟ್ನಿ, ಸಾಲುಸಾಲು ಮೋಮೋ. ಮಾಂಸದ್ದೂ ಉಂಟು, ಎಲೆಕೋಸಿನದೂ ಉಂಟು. ಟಿಬೆಟಿನ ಮಾತಿನಲ್ಲಿ ಅಜ್ಜಿಗೂ 'ಮೊಮೊ' ಎನ್ನುತ್ತಾರೆ. ಸ್ವರದ ಏರಿಳಿತವೊಂದೇ ತಿಂಡಿಯನ್ನೂ ಅಜ್ಜಿಯನ್ನೂ ಬೇರೆಮಾಡುವುದು. ಕಿವಿ ಪಳಗದ ಅತಿಥಿಗಳು ಇಲ್ಲಿ ಎಡವಿ ಮಕ್ಕಳ ನಗೆಗೆ ಗುರಿಯಾಗುವುದು ಹಬ್ಬದ ಒಂದು ವಿನೋದ.

ಆರು ತಂತಿಯ ಮಧುರ ಧ್ವನಿ

ಊಟದ ಬಳಿಕ ವಾದ್ಯಗಳು ಹೊರಬರುತ್ತವೆ. ಮುಖ್ಯವಾದುದು 'ಡ್ರಾನ್ಯೆನ್', 'ಇಂಪಾದ ಧ್ವನಿ' ಎಂದೇ ಅದರ ಅರ್ಥ. ಎರಡೆರಡರಂತೆ ಮೂರು ಜೊತೆ, ಒಟ್ಟು ಆರು ತಂತಿ. ಉದ್ದನೆಯ ಕತ್ತು, ಚರ್ಮ ಹೊದಿಸಿದ ಸಣ್ಣ ಹೊಟ್ಟೆ. ಅದರ ಜೊತೆಗೆ ಎರಡು ತಂತಿಯ 'ಪಿವಂಗ್' ಪಿಟೀಲು, ಕೊಳಲು, ನಮ್ಮ ಸಂತೂರಿನ ಬಂಧುವಾದ 'ಗ್ಯುಮಾಂಗ್'. ನಿಧಾನಗತಿಯಲ್ಲಿ ತೊಡಗಿ ದ್ರುತದಲ್ಲಿ ಮುಗಿಯುವ ಲ್ಹಾಸಾದ 'ನಂಗ್ಮಾ', ಪಶ್ಚಿಮ ಟಿಬೆಟಿನಿಂದ ಬಂದ, ಕಾಲಿನ ತಾಳವೇ ಪ್ರಾಣವಾದ 'ತೋಶೆ'. ಹಲಗೆಯ ಮೇಲೆ ಹೆಜ್ಜೆ ಬಿದ್ದಾಗ ಅದೇ ಮದ್ದಳೆಯೂ ಆಗುತ್ತದೆ.

ಬಯಲಿನಲ್ಲಿ ದಿನವಿಡೀ ಆಡುವ 'ಅಚೆ ಲ್ಹಾಮೊ' ನಾಟಕ ಕನ್ನಡಿಗನಿಗೆ ಇನ್ನೂ ಹತ್ತಿರದ್ದು. ಕಥೆಯನ್ನು ಒಬ್ಬ ನಿರೂಪಕ ಓಟದ ಗದ್ಯದಲ್ಲಿ ಹೇಳುತ್ತಾನೆ. ಪಾತ್ರಗಳು ಮುಂದೆ ಬಂದು ತಾರಸ್ಥಾಯಿಯಲ್ಲಿ ಹಾಡುತ್ತವೆ. ಹಿಮ್ಮೇಳಕ್ಕೆ ಒಂದು ನಗಾರಿ, ಒಂದು ಜೊತೆ ತಾಳ. ಭಾಗವತರ ಪರಿಚಯವಿರುವ ನಾಡಿಗೆ ಇದು ಬಯಲಾಟದ ದೂರದ ನೆಂಟನೆಂದು ತೋರುತ್ತದೆ. ಕಥೆಗಳಲ್ಲಿಯೂ ಕೆಲವು ಇಲ್ಲಿಂದ ಹೋದವು. ತನ್ನದೆಲ್ಲವನ್ನೂ ದಾನಮಾಡಿದ ರಾಜಕುಮಾರ ವೆಸ್ಸಂತರನ ಜಾತಕಕಥೆಯೇ ಹಿಮಾಲಯವನ್ನು ದಾಟಿ 'ಡ್ರಿಮೆ ಕುಂದೆನ್' ಆಗಿದೆ. ಈ ನಾಟಕದ ಮೂಲಪುರುಷನೆಂದು ಕೊಂಡಾಡಲ್ಪಡುವವನು ಥಂಗ್ತೋಂಗ್ ಗ್ಯಾಲ್ಪೊ ಎಂಬ ಸಿದ್ಧ. ನದಿಗಳಿಗೆ ಕಬ್ಬಿಣದ ಸರಪಳಿಯ ಸೇತುವೆ ಕಟ್ಟುವುದು ಅವನ ವ್ರತ. ಅದಕ್ಕೆ ಹಣ ಕೂಡಿಸಲು ಏಳು ಮಂದಿ ಸೋದರಿಯರಿಗೆ ಹಾಡು, ಕುಣಿತ ಕಲಿಸಿ ಊರೂರಲ್ಲಿ ಆಡಿಸಿದನೆಂದು ಐತಿಹ್ಯ. ಹಾಡಿನಿಂದ ಸೇತುವೆ ಕಟ್ಟಿದವನ ಕಲೆಯನ್ನು ಮನೆ ಕಳೆದುಕೊಂಡ ಜನ ಬಿಡದೆ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಸಂಜೆಗೆ 'ಗೋರ್ಶೆ'. ಇದಕ್ಕೆ ವೇದಿಕೆ ಬೇಡ. ಗಂಡಸರು, ಹೆಂಗಸರು, ಮಕ್ಕಳು ಕೈಹಿಡಿದು ವೃತ್ತವಾಗಿ ಸುತ್ತುತ್ತಾರೆ. ಹೆಜ್ಜೆ ಸುಲಭ, ಎರಡು ಸುತ್ತಿಗೆ ಹೊಸಬನ ಕಾಲಿಗೂ ಹತ್ತುತ್ತದೆ.

ನೆರೆಹೊರೆ

ಡೇರೆಗಳ ನಡುವೆ ಕನ್ನಡವೂ ಧಾರಾಳವಾಗಿ ಕೇಳಿಬರುತ್ತದೆ. ಸುತ್ತಲ ಹಳ್ಳಿಗಳ ಹೆಣ್ಣಾಳು, ಗಂಡಾಳುಗಳು ದಶಕಗಳಿಂದ ಈ ಹೊಲಗಳಲ್ಲಿ ದುಡಿದವರು; ಟಿಬೆಟಿನ ಅಜ್ಜಿಯರು ಕಳೆ ಕೀಳುವ ಮಾತನ್ನೂ ಸಂತೆಯ ಚೌಕಾಸಿಯನ್ನೂ ಕಲಿತದ್ದು ಅವರಿಂದಲೇ. ಸಣ್ಣಪುಟ್ಟ ಮನಸ್ತಾಪಗಳು ಎಲ್ಲಿಲ್ಲ? ಆದರೂ ಕೂಲಿ, ಗುತ್ತಿಗೆ, ಅಂಗಡಿ, ಆಸ್ಪತ್ರೆಗಳ ನಿತ್ಯದ ಕೊಡುಕೊಳೆ ಅರುವತ್ತು ವರ್ಷಕ್ಕೂ ಮೀರಿ ಕಡಿಯದೆ ನಡೆದುಬಂದಿದೆ.

ಈ ನೆರೆಹೊರೆಯಿಂದ ಕನ್ನಡ ನಾಡಿಗಾದ ಒಂದು ಲಾಭ ಹೆಚ್ಚು ಮಂದಿಗೆ ತಿಳಿಯದು. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆ ಸರ್ಕಾರಕ್ಕೆ ನೆರವಾಗಲೆಂದು 1968ರಲ್ಲಿ 'ಮೈರಾಡ' ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿಯುತ್ತ ಬಂದಂತೆ ಅದು ಬಡ ಹಳ್ಳಿಗರ ಕಡೆಗೆ ತಿರುಗಿತು. 1980ರ ದಶಕದ ನಡುವಿನಲ್ಲಿ ಆ ಸಂಸ್ಥೆಯ ಹಳ್ಳಿಗಳಲ್ಲಿಯೇ ಉಳಿತಾಯ-ಸಾಲಗಳ ಸಣ್ಣ ಗುಂಪುಗಳು ರೂಪುಗೊಂಡು, ಮುಂದೆ ದೇಶವನ್ನೆಲ್ಲ ವ್ಯಾಪಿಸಿದ ಸ್ವಸಹಾಯ ಸಂಘಗಳಿಗೆ ಮಾದರಿಯಾದವು. ಇಂದು ಹಳ್ಳಿಯ ತಾಯಂದಿರು ವಾರಕ್ಕೊಮ್ಮೆ ಸೇರಿ ಪುಸ್ತಕದಲ್ಲಿ ಬರೆದಿಡುವ ಹಣದ ಲೆಕ್ಕಕ್ಕೂ ಹಿಮದಿಂದ ಬಂದ ರೈತರಿಗೂ ಹೀಗೊಂದು ನಂಟು.

ಉಳುವವರು ಯಾರು?

ಹಬ್ಬದ ಗದ್ದಲದಲ್ಲಿ ಸುಲಭವಾಗಿ ಕಾಣದ, ಆದರೆ ಒಮ್ಮೆ ಕಂಡರೆ ಮರೆಯಲಾಗದ ಸಂಗತಿಯೊಂದುಂಟು. ಡೇರೆಯೊಳಗೆ ಮುದುಕರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ, ಕೆಂಪು ವಸ್ತ್ರದ ಭಿಕ್ಷುಗಳಿದ್ದಾರೆ. ನಡುವಯಸ್ಸಿನವರು, ತರುಣರು ಕಡಮೆ.

ಕಾರಣಗಳು ಹಲವು. ಮೂರು ಸಾವಿರ ಜನಕ್ಕೆಂದು ಅಳೆದ ಎಕರೆಗಳು ಮಕ್ಕಳು, ಮೊಮ್ಮಕ್ಕಳು ಹುಟ್ಟಿದಂತೆಲ್ಲ ಬೆಳೆಯಲಿಲ್ಲ. ಉಳುವ ನೆಲ ಸರ್ಕಾರದ್ದು, ಮಾರುವ ಹಕ್ಕಿಲ್ಲ. ಓದಿದ ಮಕ್ಕಳು ಬೆಂಗಳೂರಿನ ಆಸ್ಪತ್ರೆ, ಕಚೇರಿಗಳತ್ತ ನಡೆದರು. 1990ರಲ್ಲಿ ಅಮೆರಿಕ ಒಂದು ಕಾಯಿದೆಯ ಮೂಲಕ ಭಾರತ, ನೇಪಾಳಗಳಲ್ಲಿದ್ದ ಸಾವಿರ ಮಂದಿ ಟಿಬೆಟಿಯನ್ನರಿಗೆ ಬಾಗಿಲು ತೆರೆಯಿತು; ಅವರ ಹಿಂದೆ ಹೆಂಡಿರು, ಮಕ್ಕಳು, ಬಂಧುಗಳು ನಡೆದರು. ನ್ಯೂಯಾರ್ಕ್, ಟೊರಾಂಟೊಗಳಿಂದ ಬರುವ ಹಣದಿಂದ ಕ್ಯಾಂಪುಗಳಲ್ಲಿ ಒಳ್ಳೆಯ ಮನೆಗಳು ಎದ್ದವು. ಆ ಮನೆಗಳ ಎಷ್ಟೋ ಕೋಣೆಗಳಿಗೆ ಬೀಗ ಬಿದ್ದಿದೆ. ಎಷ್ಟೋ ಹೊಲಗಳನ್ನು ಈಗ ನೆರೆಯ ಹಳ್ಳಿಗರು ಗುತ್ತಿಗೆಗೆ ಹಿಡಿದು ಶುಂಠಿಯನ್ನೋ ಜೋಳವನ್ನೋ ಬೆಳೆಯುತ್ತಾರೆ.

ಕಾನೂನಿನ ಪ್ರಶ್ನೆಯೂ ಸರಳವಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಜನ್ಮತಃ ಭಾರತೀಯ ಪ್ರಜೆಗಳೆಂದು ದೆಹಲಿಯ ಉಚ್ಚ ನ್ಯಾಯಾಲಯದ 2010ರ ತೀರ್ಪು ಎತ್ತಿಹಿಡಿಯಿತು. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಪುನರ್ವಸತಿ ನೀತಿಯನ್ನು ಪ್ರಕಟಿಸಿ, ವಸತಿಗಳ ಭೂಮಿಯ ಗುತ್ತಿಗೆಗೆ ಒಂದು ಸಮಾನ ಕ್ರಮವನ್ನು ಸೂಚಿಸಿತು. ಪ್ರಜೆಯಾದರೆ ನಿರಾಶ್ರಿತನೆಂಬ ಗುರುತು ಅಳಿಯುತ್ತದೆ. ಆ ಗುರುತಿನಲ್ಲಿಯೇ ಊರಿಗೆ ಮರಳುವ ಹಂಬಲವೂ ಹೆಣೆದುಕೊಂಡಿದೆ. ಇಂದೋ ನಾಳೆಯೋ ಹಿಂದಿರುಗುವೆವೆಂದು ಬಂದ ಅಜ್ಜನಿಗೂ, ಬೈಲಕುಪ್ಪೆಯನ್ನು ಬಿಟ್ಟು ಬೇರೆ ಊರನ್ನೇ ಕಾಣದೆ ಬೆಳೆದ ಮೊಮ್ಮಗನಿಗೂ ಈ ಕಾಗದ ಒಂದೇ ಆಗಿ ತೋರುವುದಿಲ್ಲ. ಹೊರನಾಡಿಗೆ ಹೋದ ಆ ಮೊಮ್ಮಗನಿಗೆ ಊರಿನ ನೆನಪಾದಾಗ ಕಣ್ಣ ಮುಂದೆ ಬರುವುದು ತಾನೆಂದೂ ನೋಡದ ಲ್ಹಾಸಾ ಅಲ್ಲ, ಜೋಳದ ಹೊಲ ಮತ್ತು ಕುಶಾಲನಗರದ ಬಸ್ ನಿಲ್ದಾಣ.

ಹೀಗಿರುವಾಗ ಜುಲೈ ತಿಂಗಳ ಈ ಔತಣಕ್ಕೆ ಬರಿಯ ಸಂತೋಷಕೂಟಕ್ಕಿಂತ ಮಿಗಿಲಾದ ಹೊಣೆ ಬಿದ್ದಿದೆ. ಪುಸ್ತಕದಿಂದ ಭಾಷೆ ಕಲಿಸಬಹುದು. ಆದರೆ ಬೆಣ್ಣೆಯ ಚಹಾ ಕಡೆಯುವ ಹದ, ತೋಶೆಯ ಹೆಜ್ಜೆ, ಕಾಡು ಕಡಿದ ದಿನಗಳ ಕಥೆ ಇವು ಕೈಯಿಂದ ಕೈಗೆ, ಬಾಯಿಂದ ಕಿವಿಗೆ ದಾಟಬೇಕಾದವು. ಕೊಡಲಿ ಹಿಡಿದ ಆ ಮೊದಲ ತಲೆಮಾರಿನಲ್ಲಿ ಉಳಿದಿರುವವರು ಇನ್ನು ಕೆಲವರೇ. ಅವರು ಕುಳಿತ ಡೇರೆಗೆ ಮಕ್ಕಳನ್ನು ಕರೆತಂದು ಬಿಳಿಯ 'ಖತಾ' ಹೊದಿಸಿ ನಮಸ್ಕಾರ ಮಾಡಿಸುವುದು ಅದಕ್ಕಾಗಿಯೇ.

ಬೈಲಕುಪ್ಪೆಗೆ ಹೋಗುವುದು ಕಷ್ಟವಲ್ಲ. ಮೈಸೂರಿನಿಂದ ಕುಶಾಲನಗರದ ಕಡೆಗೆ ಬಸ್ಸುಗಳು ಸದಾ ಓಡುತ್ತವೆ; ಎರಡು-ಎರಡೂವರೆ ತಾಸಿನ ದಾರಿ. ವಿದೇಶೀಯರು ಇಲ್ಲಿ ತಂಗಲು ಸರ್ಕಾರದ ಪರವಾನಗಿ ಪಡೆಯಬೇಕು. ಭಾರತೀಯರಿಗೆ ಆ ಕಟ್ಟಳೆಯಿಲ್ಲ. ಸುವರ್ಣ ಮಂದಿರವನ್ನು ಕಂಡ ಮೇಲೆ ಒಂದು ಗಂಟೆ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡು ಹೊಲಗಳ ನಡುವಿನ ಹಾದಿಯಲ್ಲಿ ನಡೆದರೆ, ಮನೆಯ ಜಗಲಿಯಲ್ಲಿ ಜಪಮಣಿ ಎಣಿಸುತ್ತ ಕುಳಿತ ಹಿರಿಯರು 'ತಾಶಿ ದೆಲೆಕ್' ಎನ್ನುತ್ತಾರೆ. ಉತ್ತರ ಕನ್ನಡದಲ್ಲಿ ಬಂದರೆ ತಾವೂ ಕನ್ನಡಕ್ಕೆ ತಿರುಗಿ, ಯಾವ ಊರು, ಮಳೆ ಹೇಗಿದೆ ಎಂದು ಕೇಳುತ್ತಾರೆ. ಜುಲೈಯಲ್ಲಿ ಹೋದವರನ್ನು ಗೋರ್ಶೆಯ ವೃತ್ತದಲ್ಲಿ ಯಾರಾದರೂ ಕೈನೀಡಿ ಒಳಗೆಳೆದುಕೊಳ್ಳುವುದೂ ಉಂಟು. ಇಬ್ಬರ ನಡುವೆ ಒಬ್ಬನಿಗೆ ಜಾಗ ಬಿಟ್ಟು, ಹಾಡು ನಿಲ್ಲದಂತೆ, ಆ ವೃತ್ತ ತುಸು ದೊಡ್ಡದಾಗಿ ಮತ್ತೆ ಸುತ್ತತೊಡಗುತ್ತದೆ.